ಹೆದರುವ ನಾಯಿ, ಅಡಗುವ ಬೆಕ್ಕು: ಮನೆಯಲ್ಲಿ ಯಾವ ಉಪಾಯ ಯಾರಿಗೆ ಸರಿ?

ಸಾಕುಪ್ರಾಣಿಗಳ ಅಂಗಡಿಗೆ ಹೋದರೆ ಪ್ರಾಣಿಯನ್ನು ಶಾಂತವಾಗಿಸುವ ವಸ್ತುಗಳಿಗೇ ಒಂದು ಕಪಾಟು ಇರುತ್ತದೆ. ಪ್ಲಗ್‌ಗೆ ಸಿಕ್ಕಿಸಿ ವಾಸನೆ ಹರಡುವ ಡಿಫ್ಯೂಸರ್, ಮೈಗೆ ಬಿಗಿಯಾಗಿ ತೊಡಿಸುವ ಅಂಗಿ, ಅಗಿಯುವ ಬಿಸ್ಕತ್ತು, ಕುತ್ತಿಗೆಪಟ್ಟಿ, ಹನಿ ಹನಿಯಾಗಿ ಹಾಕುವ ಗಿಡಮೂಲಿಕೆ ದ್ರವ. ಎಲ್ಲದರ ಮೇಲೂ ಹಾಯಾಗಿ ಮಲಗಿದ ನಾಯಿಯ ಚಿತ್ರ. ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳುವವರೇ ಜಾಸ್ತಿ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ್ದು, ಪ್ರಾಣಿ ಯಾಕೆ ಹೀಗಾಡುತ್ತಿದೆ ಅಂತ. ಕಾರಣ ಗೊತ್ತಿಲ್ಲದೆ ಮಾಡಿದ ಹೋಲಿಕೆಯಿಂದ ಏನೂ ಉಪಯೋಗವಿಲ್ಲ.

ನಾಯಿ ಬಾಗಿಲು ಕೆರೆದು ಹಾಕಿದೆ ಅಂದುಕೊಳ್ಳಿ. ಅದಕ್ಕೆ ಬೇಸರವಾಗಿರಬಹುದು. ಒಂಟಿಯಾಗಿ ಬಿಟ್ಟದ್ದಕ್ಕೆ ಗಾಬರಿಯಾಗಿರಬಹುದು. ಹೊರಗಿನ ಯಾವುದೋ ಸದ್ದಿಗೆ ಹೆದರಿರಬಹುದು. ಬಾಗಿಲು ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಹಳೆಯ ಫೋನೊಂದನ್ನು ರೆಕಾರ್ಡಿಂಗ್‌ಗೆ ಇಟ್ಟು ಹೊರಗೆ ಹೋಗಿ ಬನ್ನಿ. ಒಂಟಿತನದ ಗಾಬರಿ ಇರುವ ನಾಯಿ ನೀವು ಹೊರಟ ಮೊದಲ ಅರ್ಧ ಗಂಟೆಯೊಳಗೇ ಒದ್ದಾಡಲು ಶುರುಮಾಡುತ್ತದೆ: ಅತ್ತಿಂದಿತ್ತ ಓಡಾಟ, ಜೊಲ್ಲು, ಊಳಿಡುವುದು. ಬೇಸರದ ನಾಯಿ ಸಾಮಾನ್ಯವಾಗಿ ಒಂದು ನಿದ್ದೆ ತೆಗೆದು, ಎದ್ದು, ಆಮೇಲೆ ನಿಧಾನವಾಗಿ ನಿಮ್ಮ ಚಪ್ಪಲಿ ಹುಡುಕುತ್ತದೆ. ಮೊದಲನೆಯದಕ್ಕೆ ಚಿಕಿತ್ಸೆ ಬೇಕು. ಎರಡನೆಯದಕ್ಕೆ ವ್ಯಾಯಾಮ ಮತ್ತು ಮೂಗಿಗೊಂದು ಕೆಲಸ ಸಾಕು.

ಬೆಕ್ಕಿನ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ. ಲಿಟರ್ ಬಾಕ್ಸ್ (ಬೆಕ್ಕು ಮಲಮೂತ್ರ ಮಾಡುವ, ಮರಳಿನಂಥ ಪುಡಿ ತುಂಬಿದ ಪೆಟ್ಟಿಗೆ) ಬಿಟ್ಟು ಬೇರೆಡೆ ಮೂತ್ರ ಮಾಡುತ್ತಿದ್ದರೆ ಅದನ್ನು ಹಟ ಅಂದುಕೊಳ್ಳುವವರಿದ್ದಾರೆ. ಮೊದಲು ಆರೋಗ್ಯ ನೋಡಿಸಿ. ಮೂತ್ರಕೋಶದ ಉರಿಯೂತ, ಕೀಲುನೋವು, ಮಧುಮೇಹ, ಏನು ಬೇಕಾದರೂ ಇರಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೂ ಮೂತ್ರ ಬರುತ್ತಿಲ್ಲ ಅಂದರೆ ನಾಳೆವರೆಗೆ ಕಾಯುವ ಹಾಗಿಲ್ಲ. ಮೂತ್ರನಾಳ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. ಇಂಥ ಬೆಕ್ಕಿಗೆ ಡಿಫ್ಯೂಸರ್ ತಂದು ಹಚ್ಚಿದರೆ ಅಮೂಲ್ಯವಾದ ಸಮಯ ಹೋಗುತ್ತದೆ.

ಗುಡುಗು, ಪಟಾಕಿ ಮತ್ತು ದೊಡ್ಡ ಸದ್ದು

ಜನ ಅತಿ ಹೆಚ್ಚು ಹಣ ಸುರಿಯುವುದು ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ನಾವು ಸುಮಾರು 20 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳಬಲ್ಲೆವು. ನಾಯಿಗೆ ಸುಮಾರು 45ರವರೆಗೂ ಕೇಳುತ್ತದೆ, ಬೆಕ್ಕಿಗೆ 60 ದಾಟಿದರೂ ಕೇಳುತ್ತದೆ. ನಮಗೆ ಸಣ್ಣದೆನಿಸುವ ಸದ್ದು ಅವಕ್ಕೆ ಹಾಗಿರಬೇಕಿಲ್ಲ.

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ ಅವರು 2020ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ಪಟಾಕಿಗೆ ಹೆದರುವ ನಾಯಿಗಳಿಗೆ ಯಾವ ಉಪಾಯದಿಂದ ಉಪಯೋಗವಾಯಿತು ಅಂತ ಅವುಗಳನ್ನು ಸಾಕಿದವರನ್ನೇ ಕೇಳಿದ್ದರು. ಸದ್ದು ಬಂದ ಕೂಡಲೇ ತಿಂಡಿ ಕೊಡುವುದು ಅಥವಾ ಆಟವಾಡಿಸುವುದು ಫಲ ಕೊಟ್ಟಿತು ಅಂದವರು 70 ಶೇಕಡಕ್ಕಿಂತ ಹೆಚ್ಚು. ವೈದ್ಯರು ಬರೆದುಕೊಟ್ಟ ಔಷಧಿ ಮತ್ತು ಮೈ ಸಡಿಲಿಸುವ ತರಬೇತಿ ಹೆಚ್ಚುಕಡಿಮೆ ಅಷ್ಟೇ ಅಂಕ ಪಡೆದವು. ಬಿಗಿಯಾದ ಅಂಗಿಗೆ 44 ಶೇಕಡ. ಫೆರೋಮೋನ್ (ಪ್ರಾಣಿಗಳು ಒಂದಕ್ಕೊಂದು ಸೂಚನೆ ಕೊಡಲು ಬಿಡುವ ವಾಸನೆಯ ನಕಲು), ಗಿಡಮೂಲಿಕೆ, ಹೋಮಿಯೋಪತಿ, ಹೂವಿನ ಸಾರ, ಪರಿಮಳ ತೈಲ, ಇವೆಲ್ಲ 27ರಿಂದ 35ರ ನಡುವೆ ಉಳಿದವು. ಇದು ಪ್ರಯೋಗಾಲಯದ ಅಳತೆಯಲ್ಲ, ಮನೆಯವರ ಅನಿಸಿಕೆ. ಅನಿಸಿಕೆಯಲ್ಲಿ ಆಸೆಯೂ ಸ್ವಲ್ಪ ಬೆರೆತಿರುತ್ತದೆ. ಹಾಗಿದ್ದೂ ಕಪಾಟಿನ ವಸ್ತುಗಳು ಇಷ್ಟು ಕೆಳಗೆ ನಿಂತಿವೆ ಅಂದರೆ ಯೋಚಿಸಬೇಕಾದ ಮಾತೇ, ಅಲ್ವಾ?

ನಾನಾದರೆ ಆಯ್ಕೆಯನ್ನು ಈ ಕ್ರಮದಲ್ಲಿ ಮಾಡುತ್ತೇನೆ.

ನಾಯಿ ಸದ್ದಿಗೆ ಕಿವಿ ನಿಮಿರಿಸಿ, ಸ್ವಲ್ಪ ಚಡಪಡಿಸಿ, ಆದರೆ ತಿಂಡಿ ಕೊಟ್ಟರೆ ತಿನ್ನುತ್ತಿದೆಯೇ? ಹಾಗಾದರೆ ತಿಂಡಿಯೇ ಔಷಧಿ. ಪ್ರತಿ ಸದ್ದಿನ ಬೆನ್ನಿಗೇ ಅದಕ್ಕೆ ತುಂಬಾ ಇಷ್ಟವಾದದ್ದೊಂದು ಚೂರು. ಮೊದಲು ಸದ್ದು, ಆಮೇಲೆ ತಿಂಡಿ. ಈ ಕ್ರಮ ತಿರುಗಿದರೆ ತಿಂಡಿ ಕಂಡರೇ ಹೆದರುವುದನ್ನು ಕಲಿಯುತ್ತದೆ. ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತದೆ ಎನ್ನುವ ಹಳೆಯ ಮಾತನ್ನು ಬಿಟ್ಟುಬಿಡಿ. ಹೆದರಿಕೆ ಒಂದು ಭಾವನೆ. ಅದಕ್ಕೆ ಬಹುಮಾನ ಕೊಟ್ಟು ಬೆಳೆಸಲು ಆಗುವುದಿಲ್ಲ. ಪಕ್ಕಕ್ಕೆ ಬಂದು ಒರಗಿದರೆ ಒರಗಲಿ.

ತಿಂಡಿ ಮೂಗಿನ ಮುಂದೆ ಹಿಡಿದರೂ ನೋಡದಷ್ಟು ಗಾಬರಿ, ನಡುಕ, ಕಿಟಕಿ ಒಡೆದು ಹೊರಗೆ ಹಾರುವ ಪ್ರಯತ್ನ ಇದ್ದರೆ ತಿಂಡಿಯೂ ಸಾಲದು, ಅಂಗಿಯೂ ಸಾಲದು. ನೇರವಾಗಿ ಪಶುವೈದ್ಯರ ಬಳಿ ಹೋಗಿ. 'ಮೊದಲು ಸೌಮ್ಯವಾದದ್ದು ಎಲ್ಲ ಮುಗಿಯಲಿ, ಔಷಧಿ ಕೊನೆಗೆ' ಅನ್ನುವ ಲೆಕ್ಕ ಇಲ್ಲಿ ತಪ್ಪು. ಪ್ರತಿ ಸಲದ ಗಾಬರಿ ಮುಂದಿನ ಸಲದ ಗಾಬರಿಯನ್ನು ಹೆಚ್ಚಿಸುತ್ತದೆ.

ಔಷಧಿಗಳಲ್ಲೂ ಒಂದಕ್ಕೂ ಇನ್ನೊಂದಕ್ಕೂ ಬಹಳ ವ್ಯತ್ಯಾಸವಿದೆ. ಅಸೆಪ್ರೊಮಜೀನ್ ಹಿಂದೆ ತುಂಬಾ ಬಳಕೆಯಲ್ಲಿತ್ತು. ಅದು ಮೈಯನ್ನು ಮಂಪರಿಗೆ ತಳ್ಳುತ್ತದೆ, ಭಯವನ್ನು ಮಾತ್ರ ಹಾಗೇ ಬಿಡುತ್ತದೆ. ಕೆಲವು ನಾಯಿಗಳು ಅದರಿಂದ ಸದ್ದಿಗೆ ಇನ್ನೂ ಸೂಕ್ಷ್ಮವಾಗುತ್ತವೆ. ಒಳಗೆ ಹೆದರಿಕೊಂಡೇ ಇದ್ದು ಓಡಲಾಗದೆ ಬಿದ್ದಿರುವುದು ಶಾಂತಿಯಲ್ಲ. ಡೆಕ್ಸ್‌ಮೆಡಿಟೊಮಿಡಿನ್ ಜೆಲ್ ಸದ್ದಿನ ಭಯಕ್ಕೆಂದೇ ಬಂದದ್ದು. ಅಮೆರಿಕದಲ್ಲಿ 2016ರಿಂದ ಸಿಗುತ್ತಿದೆ. ಅದನ್ನು ಕೆನ್ನೆ ಮತ್ತು ಒಸಡಿನ ನಡುವೆ ಹಚ್ಚಬೇಕು. ನುಂಗಿದರೆ ಕೆಲಸ ಮಾಡುವುದಿಲ್ಲ, ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಟ್ರಾಜೊಡೋನ್, ಆಲ್‌ಪ್ರಜೋಲಮ್ ಮಾತ್ರೆಗಳನ್ನೂ ವೈದ್ಯರು ಬರೆಯುತ್ತಾರೆ. ಯಾವುದೇ ಆದರೂ ಸದ್ದಿಲ್ಲದ ಒಂದು ದಿನ, ನೀವು ಮನೆಯಲ್ಲಿದ್ದಾಗ, ವೈದ್ಯರನ್ನು ಕೇಳಿ ಒಮ್ಮೆ ಕೊಟ್ಟು ನೋಡಿ. ಪಟಾಕಿ ಹೊಡೆಯುವ ರಾತ್ರಿಯೇ ಮೊದಲ ಪ್ರಯೋಗ ಮಾಡಬಾರದು. ಬೇರೆಯವರ ನಾಯಿಗೆ ಬರೆದ ಚೀಟಿ ನಿಮ್ಮ ನಾಯಿಗಲ್ಲ. ಇನ್ನೊಂದು ಮಾತು. ಗಾಬರಿಗೆ ಪಶುವೈದ್ಯರು ಬರೆಯುವ ಇನ್ನೊಂದು ಔಷಧಿ ಗ್ಯಾಬಪೆಂಟಿನ್. ಮನುಷ್ಯರಿಗೆ ಮಾಡಿದ ಗ್ಯಾಬಪೆಂಟಿನ್ ಸಿರಪ್‌ನಲ್ಲಿ ಕೆಲವೊಮ್ಮೆ ಕ್ಸೈಲಿಟಾಲ್ ಎಂಬ ಸಿಹಿ ಇರುತ್ತದೆ. ನಾಯಿಗೆ ಅದು ವಿಷ.

ಸದ್ದಿನ ರೆಕಾರ್ಡಿಂಗ್ ಹಾಕಿ ಅಭ್ಯಾಸ ಮಾಡಿಸುವುದು ಒಳ್ಳೆಯ ದಾರಿ. ಆದರೆ ಅದು ವಾರಗಟ್ಟಲೆಯ ಕೆಲಸ. ಕಿವಿ ಅಲುಗುವಷ್ಟು ಸಣ್ಣ ದನಿಯಲ್ಲಿ ಶುರುಮಾಡಿ, ತಿಂಡಿ ಕೊಡುತ್ತಾ, ದಿನಗಳು ಕಳೆದಂತೆ ಸ್ವಲ್ಪ ಸ್ವಲ್ಪ ಏರಿಸಬೇಕು. ಅವಸರವಿದ್ದವರು ಇದನ್ನು ಮುಟ್ಟದಿರುವುದೇ ವಾಸಿ. ಒಮ್ಮೆಗೇ ಜೋರಾಗಿ ಹಾಕಿದರೆ ಇದ್ದ ಧೈರ್ಯವೂ ಹೋಗುತ್ತದೆ.

ಬಿಗಿ ಅಂಗಿಯನ್ನು ನಾನು ಬೇಡ ಅನ್ನುವುದಿಲ್ಲ. ಕೆಲವು ನಾಯಿಗಳು ಅದರಿಂದ ನಿಜಕ್ಕೂ ಸುಧಾರಿಸುತ್ತವೆ. ತೊಡಿಸಿದ ಕೂಡಲೇ ಕಲ್ಲಿನಂತೆ ನಿಂತುಬಿಟ್ಟರೆ ಮಾತ್ರ ಅದನ್ನು ಶಾಂತವಾಯಿತು ಅಂದುಕೊಳ್ಳಬೇಡಿ. ಅದು ಹೆದರಿ ಮರಗಟ್ಟಿದೆ, ತೆಗೆದುಬಿಡಿ.

ಬೆಕ್ಕಿಗೆ ಇದ್ಯಾವುದೂ ಬೇಡ. ಅದಕ್ಕೆ ಬೇಕಾದ್ದು ಅಡಗುವ ಜಾಗ. ರಟ್ಟಿನ ಡಬ್ಬ, ಮಂಚದ ಕೆಳಗೆ, ಕಪಾಟಿನ ಮೇಲ್ತುದಿ. ಹತ್ತಿರದಲ್ಲೇ ನೀರು ಮತ್ತು ಲಿಟರ್ ಇಡಿ. ಎಳೆದು ಹೊರಗೆ ತರಬೇಡಿ. ತಾನಾಗಿ ಬಂದಾಗ ಬರಲಿ.

ಫೆರೋಮೋನ್ ಡಿಫ್ಯೂಸರ್: ನಾಯಿಯದೇ ಬೇರೆ, ಬೆಕ್ಕಿನದೇ ಬೇರೆ

ಫೆಲಿವೇ ಎಂಬ ಬ್ರಾಂಡ್ ಬೆಕ್ಕಿಗೆ, ಅಡಾಪ್ಟಿಲ್ ಎಂಬುದು ನಾಯಿಗೆ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಬೆಕ್ಕು ಕೆನ್ನೆಯನ್ನು ಮೇಜಿನ ಕಾಲಿಗೆ ಉಜ್ಜುವಾಗ ಬಿಡುವ ವಾಸನೆಯ ನಕಲು ಮೊದಲನೆಯದು. ಹಾಲೂಡುವ ತಾಯಿನಾಯಿಯ ಮೈಯಿಂದ ಬರುವ ವಾಸನೆಯ ನಕಲು ಎರಡನೆಯದು. ಒಂದು ಬಾಟಲಿ ಸುಮಾರು ಒಂದು ತಿಂಗಳು ಬರುತ್ತದೆ. ಸೋಫಾದ ಹಿಂದಿನ ಪ್ಲಗ್‌ಗೆ ಸಿಕ್ಕಿಸಿದರೆ ವಾಸನೆ ಅಲ್ಲೇ ಉಳಿಯುತ್ತದೆ. ಪರಿಣಾಮದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಹಾನಿಯೇನೂ ಇಲ್ಲ. ಹೊಸ ಮನೆಗೆ ಹೋದಾಗ, ಹೊಸ ಬೆಕ್ಕನ್ನು ಪರಿಚಯಿಸುವಾಗ ಜೊತೆಗಿರಲಿ ಅಂತ ಹಾಕಬಹುದು. ಅದೊಂದನ್ನೇ ನಂಬಿ ಕೂರಬಾರದು.

ಪರಿಮಳ ತೈಲದ ಡಿಫ್ಯೂಸರ್ ಬೇರೆಯೇ ವಸ್ತು. ಎರಡೂ ಪ್ಲಗ್‌ಗೇ ಸಿಕ್ಕಿಸುವಂಥವು, ಅದರಿಂದಲೇ ಗೊಂದಲ. ಟೀ ಟ್ರೀ ತೈಲ ನಾಯಿಗೂ ಬೆಕ್ಕಿಗೂ ವಿಷ. ಗಾಳಿಯಲ್ಲಿ ಹರಡಿದ ಹನಿಗಳು ಬೆಕ್ಕಿನ ಕೂದಲ ಮೇಲೆ ಕೂರುತ್ತವೆ. ಅದು ಮೈ ನೆಕ್ಕಿಕೊಂಡಾಗ ಹೊಟ್ಟೆಗೆ ಹೋಗುತ್ತವೆ. ಬೆಕ್ಕಿರುವ ಮನೆಯಲ್ಲಿ ನನ್ನ ಮಟ್ಟಿಗೆ ಇದು ಬೇಡವೇ ಬೇಡ.

ಕ್ರೇಟ್, ಒಂದು ಕೋಣೆ, ಅಥವಾ ಇಡೀ ಮನೆ?

ಕ್ರೇಟ್, ಅಂದರೆ ಬಾಗಿಲಿರುವ ನಾಯಿಯ ಪಂಜರ, ಒಳ್ಳೆಯದೋ ಕೆಟ್ಟದ್ದೋ ಅಂತ ಜಗಳ ಆಡುವವರು ಬಹಳ. ನಾಯಿ ಬಾಗಿಲು ತೆರೆದಿರುವಾಗ ತಾನಾಗಿ ಒಳಗೆ ಹೋಗಿ ಮಲಗುತ್ತದೆಯೇ? ಹಾಗಾದರೆ ಕ್ರೇಟ್ ಅದಕ್ಕೆ ಒಳ್ಳೆಯ ಗೂಡು. ಮರಿಗೆ ಮೂತ್ರದ ಶಿಸ್ತು ಕಲಿಸಲು, ಶಸ್ತ್ರಚಿಕಿತ್ಸೆಯ ನಂತರ ಅಲುಗಾಡದಂತೆ ಇಡಲು, ವಾಹನದಲ್ಲಿ ಒಯ್ಯಲು ಇದರಷ್ಟು ಅನುಕೂಲ ಇನ್ನೊಂದಿಲ್ಲ. ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಜಾಗವಿರಬೇಕು. ಒಳಗೆ ಬಿಡುವಾಗ ಕಾಲರ್ ತೆಗೆಯಿರಿ, ಸರಳಿಗೆ ಸಿಕ್ಕಿ ಕುತ್ತಿಗೆ ಬಿಗಿಯಬಹುದು. ಮರಿಯ ವಯಸ್ಸು ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಬರುವಷ್ಟು ಗಂಟೆ ಮೂತ್ರ ತಡೆಯಬಲ್ಲದು ಅಂತ ಒಂದು ಅಂದಾಜು ಲೆಕ್ಕವಿದೆ. ಅದು ಮೇಲಿನ ಮಿತಿ, ಗುರಿಯಲ್ಲ.

ಒಂಟಿತನದ ಗಾಬರಿ ಇರುವ ನಾಯಿಗೆ ಮಾತ್ರ ಕ್ರೇಟ್ ಸಲ್ಲದು. ಬಾಗಿಲು ಹಾಕಿದರೆ ಹಲ್ಲು ಮುರಿದುಕೊಳ್ಳುತ್ತದೆ, ಉಗುರು ಕಿತ್ತುಕೊಳ್ಳುತ್ತದೆ. ಮನೆಯ ಸಾಮಾನು ಉಳಿಯಿತು ಅಂತ ನಮಗೆ ಸಮಾಧಾನ, ಅದಕ್ಕೆ ಮಾತ್ರ ಗಾಬರಿ ಇನ್ನೂ ಹೆಚ್ಚು. ಇಂಥ ನಾಯಿಗೆ ಮಕ್ಕಳ ಗೇಟ್ ಹಾಕಿದ ಒಂದು ಕೋಣೆ ಮೇಲು. ಅದರ ಜೊತೆ ತರಬೇತಿ ನಡೆಯಬೇಕು: ಕೆಲವು ಸೆಕೆಂಡು ಹೊರಗೆ ಹೋಗಿ ಬರುವುದು, ಗಾಬರಿಯಾಗುವ ಮೊದಲೇ ವಾಪಸಾಗುವುದು, ಹೀಗೆ ಸಮಯ ಏರಿಸುವುದು. ನಿಧಾನದ ಕೆಲಸ. ಜೊತೆಗಿರಲಿ ಅಂತ ಇನ್ನೊಂದು ನಾಯಿ ತರುವ ಯೋಚನೆ ಎಲ್ಲರಿಗೂ ಬರುತ್ತದೆ. ಆದರೆ ಅದು ಹಂಬಲಿಸುತ್ತಿರುವುದು ಮನುಷ್ಯರಿಗಾಗಿ. ಎರಡನೆಯ ನಾಯಿ ಬಂದ ಮೇಲೂ ಮೊದಲನೆಯದು ಬಾಗಿಲ ಮುಂದೆಯೇ ಕೂತಿರುತ್ತದೆ.

ಇಡೀ ಮನೆ ಬಿಡುವುದು ಬೆಳೆದ, ತಿಳಿದ ನಾಯಿಗೆ ಸರಿ. ಬಿಡುವ ಮುನ್ನ ಕಸದ ಡಬ್ಬಿ, ಚಾಕಲೇಟ್, ಒಣದ್ರಾಕ್ಷಿ, ಔಷಧಿಯ ಚೀಲ ಮೇಲೆ ಹೋಗಲಿ.

ಬೆಕ್ಕಿನ ಸಾಗಣೆ ಡಬ್ಬವನ್ನು ವರ್ಷವಿಡೀ ಹೊರಗೆ ಇಟ್ಟುಬಿಡಿ. ಒಳಗೆ ಹಳೆಯ ಟವೆಲ್ ಹಾಸಿ. ಆಸ್ಪತ್ರೆಯ ದಿನ ಮಾತ್ರ ಅಟ್ಟದಿಂದ ಇಳಿಯುವ ಡಬ್ಬ ಕಂಡರೆ ಯಾವ ಬೆಕ್ಕು ಓಡುವುದಿಲ್ಲ ಹೇಳಿ. ಮೇಲಿನಿಂದಲೂ ತೆರೆಯುವ ಡಬ್ಬ ಮುಂದಿನಿಂದ ಮಾತ್ರ ತೆರೆಯುವುದಕ್ಕಿಂತ ಒಳ್ಳೆಯದು. ಅರ್ಧ ಬಿಚ್ಚಿದರೆ ಬೆಕ್ಕನ್ನು ಎಳೆಯದೆ ಅಲ್ಲೇ ಪರೀಕ್ಷೆ ಮಾಡಬಹುದು.

ಬೆಕ್ಕು ಒಳಗೋ ಹೊರಗೋ

ಹೊರಗೆ ವಾಹನ, ಕಾದಾಟ, ಕಚ್ಚಾಟದಿಂದ ಹರಡುವ ಎಫ್ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್) ಸೋಂಕು, ಇಲಿ ಪಾಷಾಣ. ಒಳಗೆ ಬೇಸರ ಮತ್ತು ಬೊಜ್ಜು. ಎರಡನ್ನೂ ತೂಗಿದರೆ ನಾನು ಒಳಗೆ ಅನ್ನುತ್ತೇನೆ, ಆದರೆ ಒಂದು ಷರತ್ತಿನ ಮೇಲೆ. ಒಳಗಿಟ್ಟ ಮೇಲೆ ಏರಲು ಎತ್ತರ, ಕೆರೆಯಲು ಕಂಬ, ದಿನಕ್ಕೆರಡು ಸಲ ಬೇಟೆಯಾಡಿಸುವಂಥ ಆಟ ಕೊಡಬೇಕು. ಅದಾಗದಿದ್ದರೆ ಸೋಫಾ ಹರಿಯುವ ಬೆಕ್ಕನ್ನು ಬೈಯುವಂತಿಲ್ಲ. ಬಲೆ ಹಾಕಿದ ಬಾಲ್ಕನಿ ಇವೆರಡರ ನಡುವಿನ ದಾರಿ.

ಮೇಲಿನ ಮಹಡಿಗಳಲ್ಲಿ ಬಲೆ ಬೇಕೇ ಬೇಕು. ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೇ ಇಳಿಯುತ್ತದೆ, ಏನೂ ಆಗುವುದಿಲ್ಲ ಅನ್ನುವ ನಂಬಿಕೆಗೆ 1987ರ ಒಂದು ನ್ಯೂಯಾರ್ಕ್ ಅಧ್ಯಯನವನ್ನು ತೋರಿಸುತ್ತಾರೆ. ಕಟ್ಟಡದಿಂದ ಬಿದ್ದು ಆಸ್ಪತ್ರೆಗೆ ಬಂದ 132 ಬೆಕ್ಕುಗಳಲ್ಲಿ, ಚಿಕಿತ್ಸೆ ಪಡೆದವುಗಳ ಪೈಕಿ 90 ಶೇಕಡ ಬದುಕಿದವು. ಬಿದ್ದಲ್ಲೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ತರುವುದಿಲ್ಲವಲ್ಲ. ಬದುಕಿದವಕ್ಕೂ ಎದೆ, ದವಡೆ, ಕಾಲುಗಳಿಗೆ ಪೆಟ್ಟಾಗಿತ್ತು. ಸಾದಾ ಸೊಳ್ಳೆ ಪರದೆ ಬೆಕ್ಕಿನ ಭಾರ ತಡೆಯುವುದಿಲ್ಲ, ಗಟ್ಟಿ ಜಾಲರಿಯೇ ಆಗಬೇಕು.

ಲಿಟರ್ ಬಾಕ್ಸ್ ಎಷ್ಟು? ಬೆಕ್ಕುಗಳ ಸಂಖ್ಯೆಗೆ ಒಂದು ಸೇರಿಸಿ, ಬೇರೆ ಬೇರೆ ಜಾಗದಲ್ಲಿ ಇಡಿ. ಮುಚ್ಚಿದ್ದೋ ತೆರೆದದ್ದೋ ಅಂದರೆ ಅಗಲವಾದ ತೆರೆದ ಪೆಟ್ಟಿಗೆಯಿಂದ ಶುರುಮಾಡಿ. ಪರಿಮಳ ಹಾಕಿದ ಲಿಟರ್ ನಮ್ಮ ಮೂಗಿಗಾಗಿ ಮಾಡಿದ್ದು, ಅನೇಕ ಬೆಕ್ಕುಗಳಿಗೆ ಅದು ಸೇರುವುದಿಲ್ಲ. ಹೂದಾನಿಯಲ್ಲಿ ಲಿಲ್ಲಿ ಹೂವು ಇಡಬೇಡಿ. ನಿಜವಾದ ಲಿಲ್ಲಿ ಮತ್ತು ಡೇಲಿಲ್ಲಿಯ ಎಲೆ, ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡವನ್ನು ಹಾಳುಮಾಡುತ್ತವೆ.

ಉಣ್ಣಿ ಮತ್ತು ಚಿಗಟಕ್ಕೆ: ಹನಿ, ಮಾತ್ರೆ, ಪಟ್ಟಿ

ನಾಯಿಗೆ ತಂದದ್ದನ್ನೇ ಬೆಕ್ಕಿಗೂ ಹಾಕಿ ಅನಾಹುತ ಮಾಡಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ನಾಯಿಯ ಬೆನ್ನಿಗೆ ಹಾಕುವ ಹಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ನಾಯಿಯ ಯಕೃತ್ತು ಅದನ್ನು ಒಡೆದುಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ತುಂಬಾ ಕಡಿಮೆ. ನಡುಕ, ಫಿಟ್ಸ್ ಬಂದು ಸಾಯಬಹುದು. ಹಾಕಿದ ನಾಯಿಯ ಪಕ್ಕ ಮಲಗಿದರೂ ಅಪಾಯವಿದೆ. ಆದ್ದರಿಂದ ಎರಡೂ ಒಟ್ಟಿಗೆ ಇರುವ ಮನೆಯಲ್ಲಿ ನಾಯಿಗೆ ಪರ್ಮೆಥ್ರಿನ್ ಇಲ್ಲದ್ದನ್ನೇ ಆರಿಸುವುದು ಜಾಣತನ. ಡಬ್ಬಿಯ ಮುಂದಿನ ಚಿತ್ರ ಬಿಟ್ಟು ಹಿಂದಿನ ಸಣ್ಣ ಅಕ್ಷರ ಓದಿ.

ಅಂಥ ಮನೆಗೆ ನಾಯಿಯ ಮಾತ್ರೆ ಅನುಕೂಲ. ಕೂದಲ ಮೇಲೆ ಏನೂ ಉಳಿಯುವುದಿಲ್ಲ, ಸ್ನಾನಕ್ಕೆ ಅಡ್ಡಿಯಿಲ್ಲ. ಅಫಾಕ್ಸೊಲೇನರ್ ಒಂದು ತಿಂಗಳು, ಫ್ಲುರಲೇನರ್ ಸುಮಾರು 12 ವಾರ ಕೆಲಸ ಮಾಡುತ್ತದೆ. ಉಣ್ಣಿ ಕಚ್ಚಿದ ಮೇಲೇ ಸಾಯುವುದು ಇದರ ಮಿತಿ. ಈ ಗುಂಪಿನ ಮಾತ್ರೆಗಳಿಂದ ಕೆಲವು ಪ್ರಾಣಿಗಳಿಗೆ ನಡುಕ, ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿತು. ಬಹುಪಾಲು ನಾಯಿಗಳಿಗೆ ತೊಂದರೆಯಿಲ್ಲ. ಫಿಟ್ಸ್ ಇತಿಹಾಸವಿರುವ ನಾಯಿಗೆ ಮಾತ್ರ ವೈದ್ಯರನ್ನು ಕೇಳದೆ ಕೊಡಬೇಡಿ.

ಔಷಧಿ ಪಟ್ಟಿ ತಿಂಗಳುಗಟ್ಟಲೆ ಬರುತ್ತದೆ, ಮರೆಯುವವರಿಗೆ ಒಳ್ಳೆಯದು. ಚರ್ಮಕ್ಕೆ ತಾಗುವಂತೆ ಕಟ್ಟಬೇಕು. ಮಗು ಆ ಕುತ್ತಿಗೆಯನ್ನೇ ತಬ್ಬಿಕೊಳ್ಳುವ ಮನೆಯಲ್ಲಿ ನಾನು ಮಾತ್ರೆಯ ಕಡೆ ವಾಲುತ್ತೇನೆ. ದೊಡ್ಡ ನಾಯಿಯ ಡೋಸ್ ತಂದು ಎರಡು ಸಣ್ಣ ನಾಯಿಗಳಿಗೆ ಹಂಚುವ ಉಳಿತಾಯ ಬೇಡ. ಯಾವುದನ್ನು ಹಾಕಿದರೂ ಚಿಗಟದ ಮೊಟ್ಟೆ, ಮರಿಗಳೆಲ್ಲ ಇರುವುದು ಹಾಸಿಗೆ ಮತ್ತು ಕಾರ್ಪೆಟ್‌ನಲ್ಲಿ. ಅವನ್ನು ತೊಳೆಯದಿದ್ದರೆ ಔಷಧಿ ಸರಿಯಿಲ್ಲ ಅಂತ ಸುಮ್ನೆ ದೂರುತ್ತಿರುತ್ತೇವೆ.

ಇನ್ನು ಕೆಲವು, ಬೇಗ ಬೇಗ

ಒಣ ಆಹಾರವೋ ಹಸಿ ಆಹಾರವೋ? ಡಬ್ಬಿಯ ಹಸಿ ಆಹಾರದಲ್ಲಿ ಸುಮಾರು 75ರಿಂದ 80 ಶೇಕಡ ನೀರು, ಒಣದರಲ್ಲಿ 10ರ ಆಸುಪಾಸು. ನೀರು ಕಡಿಮೆ ಕುಡಿಯುವ, ಮೂತ್ರದ ತೊಂದರೆ ಬಂದಿರುವ ಬೆಕ್ಕಿಗೆ ಹಸಿ ಮೇಲು. ನಾಯಿಗೆ ಎರಡೂ ನಡೆಯುತ್ತದೆ, ಅಳತೆ ತಪ್ಪಬಾರದು. ನಾಯಿಯ ಆಹಾರವನ್ನೇ ಬೆಕ್ಕಿಗೆ ದಿನವೂ ಕೊಡಬಾರದು. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಆಹಾರದಿಂದಲೇ ಸಿಗಬೇಕು. ಅದು ಕಡಿಮೆಯಾದರೆ ಕಣ್ಣು ಮತ್ತು ಹೃದಯ ಕೆಡುತ್ತವೆ. ಬ್ರಾಂಡ್ ಬದಲಿಸುವಾಗ ಒಂದು ವಾರ ಹತ್ತು ದಿನ ಬೆರೆಸಿ ಕೊಡಿ.

ಕಾಲರ್ ಅಥವಾ ಹಾರ್ನೆಸ್? ಎಳೆಯುವ ನಾಯಿಗೆ, ಚಪ್ಪಟೆ ಮೂಗಿನ ತಳಿಗೆ, ಕಣ್ಣಿನ ಒತ್ತಡದ ತೊಂದರೆ ಇರುವುದಕ್ಕೆ ಹಾರ್ನೆಸ್, ಅಂದರೆ ಎದೆ ಬಳಸಿ ಕಟ್ಟುವ ಪಟ್ಟಿ. ಕಾಲರ್ ಎಳೆದಾಗ ಕಣ್ಣಿನೊಳಗಿನ ಒತ್ತಡ ಏರುತ್ತದೆ ಅಂತ 2006ರ ಒಂದು ಅಧ್ಯಯನ ತೋರಿಸಿದೆ. ಕಾಲರ್ ಹೆಸರುಪಟ್ಟಿ ನೇತುಹಾಕಲು ಇರಲಿ. ಬೆಕ್ಕಿಗೆ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಕಾಲರ್ ಮಾತ್ರ. ಶಾಕ್ ಕೊಡುವ ಕಾಲರ್ ಈ ಹೋಲಿಕೆಯಲ್ಲೇ ಬರಬಾರದು. ವೇಲ್ಸ್ ಅದನ್ನು 2010ರಲ್ಲೇ ನಿಷೇಧಿಸಿತು.

ಚರ್ಮದಡಿ ಸೇರಿಸುವ ಮೈಕ್ರೋಚಿಪ್ ಮತ್ತು ಜಿಪಿಎಸ್ ಒಂದೇ ಅಲ್ಲ. ಚಿಪ್‌ಗೆ ಬ್ಯಾಟರಿಯಿಲ್ಲ, ಎಲ್ಲಿದೆ ಅಂತ ಅದು ಹೇಳುವುದಿಲ್ಲ. ಸ್ಕ್ಯಾನರ್ ಹಿಡಿದಾಗ 15 ಅಂಕಿಯ ಸಂಖ್ಯೆ ಕೊಡುತ್ತದೆ, ಅಷ್ಟೇ. ಆ ಸಂಖ್ಯೆಯ ಜೊತೆ ನೋಂದಾಯಿಸಿದ ಫೋನ್ ನಂಬರ್ ಹಳೆಯದಾಗಿದ್ದರೆ ಚಿಪ್ ಇದ್ದೂ ಇಲ್ಲದಂತೆ.

ಪ್ರವಾಸ ಹೋಗುವಾಗ? ಬೆಕ್ಕು ಮನುಷ್ಯರಿಗಿಂತ ಜಾಗಕ್ಕೆ ಹೆಚ್ಚು ಅಂಟಿಕೊಳ್ಳುತ್ತದೆ. ಅದನ್ನು ಮನೆಯಲ್ಲೇ ಬಿಟ್ಟು ದಿನವೂ ಬಂದು ನೋಡುವವರನ್ನು ಗೊತ್ತುಮಾಡಿ. ಬಟ್ಟಲು ಖಾಲಿಯಾಗಿದೆಯೇ ಅಂತ ಅವರು ಹೇಳಲೇಬೇಕು. ಎರಡು ಮೂರು ದಿನ ತಿನ್ನದ ಬೆಕ್ಕಿಗೆ, ಅದರಲ್ಲೂ ದಪ್ಪ ಬೆಕ್ಕಿಗೆ, ಯಕೃತ್ತಿನಲ್ಲಿ ಕೊಬ್ಬು ತುಂಬುವ ಗಂಭೀರ ಕಾಯಿಲೆ ಬರಬಹುದು. ಬೇರೆ ನಾಯಿಗಳೊಡನೆ ಬೆರೆಯುವ ನಾಯಿಗೆ ಬೋರ್ಡಿಂಗ್ (ಹಣ ಕೊಟ್ಟು ನಾಯಿಯನ್ನು ಬಿಟ್ಟುಹೋಗುವ ಜಾಗ) ಸರಿಹೋಗುತ್ತದೆ. ಮೊದಲು ಒಂದು ರಾತ್ರಿ ಬಿಟ್ಟು ನೋಡಿ. ಲಸಿಕೆಯ ಕಾರ್ಡ್ ಕೇಳದ ಬೋರ್ಡಿಂಗ್‌ಗೆ ಬಿಡಬೇಡಿ. ನಿಮ್ಮನ್ನು ಕೇಳದವರು ಪಕ್ಕದ ಗೂಡಿನ ನಾಯಿಯವರನ್ನೂ ಕೇಳಿರುವುದಿಲ್ಲ.

ಹೋಲಿಸುತ್ತಾ ಕೂರಬಾರದ ಹೊತ್ತು

ಮನುಷ್ಯರ ನೋವಿನ ಮಾತ್ರೆಗಳಲ್ಲಿ ಯಾವುದು ಕಡಿಮೆ ಅಪಾಯ ಅಂತ ಹುಡುಕಬೇಡಿ. ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೇನ್ ಎರಡಕ್ಕೂ ವಿಷ. ಹೊಟ್ಟೆ ಉಬ್ಬಿ, ವಾಂತಿ ಬಾರದೆ ಓಕರಿಸುವ ನಾಯಿ, ಬಾಯಿ ತೆರೆದು ಏದುಸಿರು ಬಿಡುವ ಬೆಕ್ಕು, ನಿಲ್ಲದ ಫಿಟ್ಸ್, ಇವಕ್ಕೆ ಮನೆಮದ್ದಿಲ್ಲ. ಏನಾದರೂ ವಿಷ ತಿಂದಿದ್ದರೆ ಅದರ ಕವರ್ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಫೋನ್ ಮಾಡಿ. ಏನು ತಿಂದಿತು, ಎಷ್ಟು ತಿಂದಿತು, ಎಷ್ಟು ಹೊತ್ತಾಯಿತು, ಪ್ರಾಣಿಯ ತೂಕ ಎಷ್ಟು, ಇಷ್ಟು ಹೇಳಿ ಹೊರಡಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ಎರಡನೆಯ ವಿಷವಾಗಬಹುದು.